ಶಿಶುನೇತ್ರವೂ ಶಸ್ತ್ರವೈದ್ಯನ ಧರ್ಮವೂ

ಒಬ್ಬರ ಹಿತಕ್ಕಾಗಿ ಇನ್ನೊಬ್ಬರು ಕೈಕೊಂಡ ಕಾರ್ಯವು ನಡುವೆ ಕೆಡುವ ಸೂಚನೆಯನ್ನು ತೋರಿದಾಗ, ಕೈಕೊಂಡವನ ಧರ್ಮವೇನು? ಮೊದಲಿಟ್ಟುದನ್ನು ಹೇಗಾದರೂ ಮುಗಿಸುವುದೆ? ಅಥವಾ ಅಲ್ಲಿಗೇ ನಿಲ್ಲಿಸಿ, ಅರೆಯಾಗಿ ಉಳಿದುದನ್ನು ಒಪ್ಪಿಕೊಳ್ಳುವುದೆ? ಲೋಕವು ಸಾಮಾನ್ಯವಾಗಿ ಮುಗಿಸುವವನನ್ನೇ ಹೊಗಳುತ್ತದೆ. ಹಿಡಿದ ಕೆಲಸವನ್ನು ಬಿಡದವನು ಧೀರನೆಂದೂ, ನಡುವೆ ಬಿಟ್ಟವನು ಅಳ್ಳೆದೆಯವನೆಂದೂ ಹೇಳುವುದು ವಾಡಿಕೆ. ಮನೆ ಕಟ್ಟುವವನಿಗೂ ಗ್ರಂಥ ಬರೆಯುವವನಿಗೂ ಈ ಮಾತು ಸಲ್ಲುವುದು. ಗೋಡೆಯು ಓರೆಯಾದರೆ ಕೆಡವಿ ಕಟ್ಟಬಹುದು; ಬರಹವು ಕೆಟ್ಟರೆ ಹರಿದು ಬರೆಯಬಹುದು. ಆದರೆ ಕೆಡವಿ ಕಟ್ಟಲಾಗದ, ಹರಿದು ಬರೆಯಲಾಗದ ಕೆಲಸಗಳೂ ಕೆಲವುಂಟು. ಎಳೆಯ ಮಗುವಿನ ಕಣ್ಣಿನ ಪೊರೆಯನ್ನು ತೆಗೆಯುವ ಶಸ್ತ್ರಕ್ರಿಯೆಯು ಅವುಗಳಲ್ಲೊಂದು.

ಹುಟ್ಟುಕುರುಡನಿಗೆ ದೃಷ್ಟಿ ಬಂದರೆ ಅವನು ಏನನ್ನು ಕಂಡಾನು ಎಂಬ ಪ್ರಶ್ನೆಯು ತತ್ತ್ವಜ್ಞರಿಗೆ ಬಹುಕಾಲದಿಂದ ಪ್ರಿಯವಾದುದು. ಕೈಯಿಂದ ಮುಟ್ಟಿ ಗೋಲವನ್ನೂ ಘನವನ್ನೂ ಬೇರೆ ಬೇರೆಯಾಗಿ ತಿಳಿದವನು, ಕಣ್ಣು ಬಂದ ಕೂಡಲೆ ಮುಟ್ಟದೆ ಅವುಗಳನ್ನು ಗುರುತಿಸಬಲ್ಲನೆ ಎಂದು ಐರ್ಲೆಂಡಿನ ಮಾಲಿನೋ ಎಂಬಾತನು ೧೬೮೮ರಲ್ಲಿ ಜಾನ್ ಲಾಕ್ ಪಂಡಿತನನ್ನು ಪತ್ರಮುಖವಾಗಿ ಕೇಳಿದನು. ೧೭೨೮ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಚೆಸೆಲ್ಡನ್ನನು, ಪೊರೆಯಿಂದ ಕುರುಡನಾಗಿದ್ದು ಹದಿಮೂರರ ವಯಸ್ಸಿನ ಸುಮಾರಿಗೆ ದೃಷ್ಟಿ ಪಡೆದ ಹುಡುಗನೊಬ್ಬನ ವೃತ್ತಾಂತವನ್ನು ಪ್ರಕಟಿಸಿದನು. ಪವನ್ ಸಿನ್ಹಾ ಅವರೂ ಅವರ ಸಹೋದ್ಯೋಗಿಗಳೂ ಭಾರತದ ಮಕ್ಕಳಲ್ಲಿ ಇದನ್ನೇ ಪರೀಕ್ಷಿಸಿ, ಕಣ್ಣು ಬಂದ ಕೂಡಲೆ ಅಂಥ ಗುರುತು ಸಿಕ್ಕುವುದಿಲ್ಲವೆಂದೂ, ಕೆಲವು ದಿನಗಳಲ್ಲಿ ಅದು ಬೆಳೆಯುವುದೆಂದೂ ೨೦೧೧ರಲ್ಲಿ ತಿಳಿಸಿದರು. ಹೀಗೆ, ಕಣ್ಣು ಪಡೆದವನು ಏನನ್ನು ಅರಿಯುತ್ತಾನೆಂಬುದನ್ನು ಕುರಿತು ಮೂರು ಶತಮಾನಗಳ ಚರ್ಚೆ ನಡೆದಿದೆ. ಕಣ್ಣು ಕೊಡಹೊರಟವನು, ತನ್ನ ಕೈಯಲ್ಲಿ ಕೆಲಸವು ತಪ್ಪತೊಡಗಿದಾಗ, ಏನನ್ನು ಮಾಡತಕ್ಕವನೆಂಬ ಪ್ರಶ್ನೆಯು ಅಷ್ಟಾಗಿ ಚರ್ಚೆಗೆ ಬಂದುದಲ್ಲ. ಆದರೆ ಇದೂ ತತ್ತ್ವವಿಚಾರಕ್ಕೆ ಯೋಗ್ಯವಾದುದೇ.

ಪೊರೆಯೆಂಬುದು ಮುಪ್ಪಿನ ರೋಗವೆಂದು ಬಹುಜನರ ತಿಳಿವಳಿಕೆ. ಅದು ಹಸುಳೆಗಳಲ್ಲಿಯೂ ಉಂಟು. ಕೆಲವರಿಗೆ ವಂಶದಿಂದ ಬರುವುದು. ಕೆಲವರಿಗೆ ತಾಯಿಯು ಗರ್ಭಿಣಿಯಾಗಿದ್ದಾಗ ತಗಲಿದ ರುಬೆಲಾ ಜ್ವರದಿಂದ ಬರುವುದು. ಈ ಎರಡನೆಯ ಕಾರಣವನ್ನು ಆಸ್ಟ್ರೇಲಿಯಾದ ನಾರ್ಮನ್ ಗ್ರೆಗ್ ಎಂಬ ನೇತ್ರವೈದ್ಯನು ೧೯೪೧ರಲ್ಲಿ ಲೋಕಕ್ಕೆ ತಿಳಿಸಿದನು. ಇನ್ನು ಅನೇಕ ಮಕ್ಕಳಲ್ಲಿ ಕಾರಣವೇ ಗೊತ್ತಾಗುವುದಿಲ್ಲ.

ಮುದುಕರ ಪೊರೆಗೂ ಶಿಶುವಿನ ಪೊರೆಗೂ ಮುಖ್ಯವಾದ ಭೇದವೊಂದಿದೆ. ಮುದುಕನು ಆರು ತಿಂಗಳು ಕಾದರೆ ಆರು ತಿಂಗಳು ಮಂಜಾಗಿ ನೋಡುತ್ತಾನೆ. ಪೊರೆ ತೆಗೆದ ಮೇಲೆ ಮೊದಲಿನಂತೆ ಕಾಣುತ್ತಾನೆ. ಅವನ ಮಿದುಳು ನೋಡುವುದನ್ನು ಎಂದೋ ಕಲಿತಿದೆ. ಶಿಶುವಿನ ಮಿದುಳು ಇನ್ನೂ ಕಲಿಯಬೇಕಾಗಿದೆ. ಆ ಕಲಿಕೆಗೆ ಪ್ರಕೃತಿಯು ಗೊತ್ತುಮಾಡಿದ ಕಾಲವು ಅಲ್ಪ. ೧೯೬೦ರ ದಶಕದ ಆದಿಯಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು ಕೆಲವು ವಾರಗಳ ಅನಂತರ ಬಿಚ್ಚಿದರು. ಕಣ್ಣು ನಿರ್ದುಷ್ಟವಾಗಿಯೇ ಇತ್ತು. ಆದರೆ ಮಿದುಳು ಆ ಕಣ್ಣನ್ನು ಕೈಬಿಟ್ಟಿತ್ತು. ಬೆಳೆದ ಬೆಕ್ಕುಗಳಲ್ಲಿ ಹಾಗೆ ಮಾಡಿದರೆ ಅಂಥ ಹಾನಿಯಾಗಲಿಲ್ಲ. ಇಂಥ ಸಂಶೋಧನೆಗಾಗಿ ಅವರಿಗೆ ೧೯೮೧ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಆದುದರಿಂದಲೇ ಒಂದು ಕಣ್ಣಿನಲ್ಲಿ ದಟ್ಟವಾದ ಪೊರೆಯಿದ್ದು ಹುಟ್ಟಿದ ಕೂಸಿಗೆ ಸುಮಾರು ೬ ವಾರಗಳೊಳಗೂ, ಎರಡು ಕಣ್ಣುಗಳಲ್ಲಿಯೂ ಇದ್ದರೆ ಸುಮಾರು ೮ ವಾರಗಳೊಳಗೂ ಶಸ್ತ್ರಕ್ರಿಯೆ ನಡೆಯಬೇಕೆಂದು ವೈದ್ಯರು ಹೇಳುತ್ತಾರೆ. ಆದರೆ ತೀರ ಅವಸರವೂ ಕೂಡದು: ಮೊದಲ ೪ ವಾರಗಳಲ್ಲೇ ಮಾಡಿದ ಕಣ್ಣುಗಳಲ್ಲಿ, ಒಳಗಿನ ಒತ್ತಡವೇರಿ ನರವನ್ನು ಕೊಲ್ಲುವ ಗ್ಲಾಕೋಮಾ ರೋಗವು ಹೆಚ್ಚಾಗಿ ಕಂಡುಬಂದಿದೆ. ತಡೆದರೂ ಕೇಡು, ತ್ವರೆಗೈದರೂ ಕೇಡು. ಕೆಲಸವನ್ನು ಕೈಕೊಳ್ಳದೆ ಸುಮ್ಮನಿದ್ದು ನಿರ್ದೋಷಿಯಾಗುವ ದಾರಿಯು ಇಲ್ಲಿ ವೈದ್ಯನಿಗೆ ಇಲ್ಲ. ಸುಮ್ಮನಿರುವುದೂ ಒಂದು ಕರ್ಮವೇ. ಅದರ ಫಲವನ್ನು ಕೂಸು ಉಣ್ಣುತ್ತದೆ.

ಹೀಗೆ ಕೈಕೊಂಡ ಕೆಲಸದಲ್ಲಿ ಬರುವ ತೊಡಕುಗಳು ಹಲವು. ನವಜಾತ ಶಿಶುವಿನ ಕಣ್ಣಿನ ಉದ್ದವು ಸುಮಾರು ೧೭ ಮಿಲಿಮೀಟರು, ಬೆಳೆದವರದು ೨೩-೨೪. ಅದರ ಗೋಡೆಯು ಮೃದು. ಸಣ್ಣ ಗಾಯ ಮಾಡಿದರೂ ಒಳಗಣ ಕೋಣೆಯು ಕುಗ್ಗಿಹೋಗುತ್ತದೆ, ಹಿಂದಿನಿಂದ ಒತ್ತಡವು ಮುನ್ನುಗ್ಗುತ್ತದೆ. ಪಾಪೆಯ ಸುತ್ತಣ ಬಣ್ಣದ ಪರದೆಯು ಸಡಿಲವಾದುದರಿಂದ ಗಾಯದ ಬಾಯಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಮಸೂರವನ್ನು ಸುತ್ತಿದ ಕೋಶವು ರಬ್ಬರಿನಂತೆ ಜಗ್ಗುವುದು. ಅದರಲ್ಲಿ ದುಂಡಗೆ ಕಿಂಡಿಯನ್ನು ತೆಗೆಯಹೊರಟರೆ ಹರಿವು ಕೈಮೀರಿ ಅಂಚಿಗೆ ಓಡುತ್ತದೆ. ಕೆಲವು ಮಕ್ಕಳಲ್ಲಿ ಹಿಂಬದಿಯ ಕೋಶವು ಹುಟ್ಟಿನಿಂದಲೇ ತೂತಾಗಿರುವುದು. ಅರಿಯದೆ ನೀರನ್ನು ಹಾಯಿಸಿದರೆ ಮಸೂರದ ಚೂರುಗಳು ಕಣ್ಣಿನ ಆಳಕ್ಕೆ ಜಾರಿ ಬೀಳುವುವು.

ಈ ಒಂದೊಂದಕ್ಕೂ ಉಪಾಯವುಂಟು. ಹರಿವು ಓಡಿದಾಗ ಎಳೆಯುವುದನ್ನು ನಿಲ್ಲಿಸಿ, ಕೋಣೆಯನ್ನು ಮಂದವಾದ ಲೋಳೆಯ ದ್ರವದಿಂದ ತುಂಬಿ, ತುದಿಯನ್ನು ಹತ್ತಿರದಲ್ಲೇ ಹಿಡಿದು ನಡುವಿನ ಕಡೆಗೆ ತಿರುಗಿಸುವರು. ಆಗದಿದ್ದರೆ ಕತ್ತರಿಸುವ ಯಂತ್ರದಿಂದ ಕಿಂಡಿಯನ್ನು ಪೂರೈಸುವರು. ಬಣ್ಣದ ಪರದೆಯು ಹೊರಬಂದರೆ ಮತ್ತೆ ಮತ್ತೆ ತಳ್ಳದೆ, ಒಳಹೋಗುವ ನೀರಿನ ವೇಗವನ್ನು ತಗ್ಗಿಸಿ, ಅರಿವಳಿಕೆಯು ಸಾಲದೆ ಮಗುವು ತಿಣುಕುತ್ತಿದೆಯೆ ಎಂದು ಅದರ ವೈದ್ಯರನ್ನು ವಿಚಾರಿಸಿ, ಬೇಕಾದರೆ ಆ ಗಾಯಕ್ಕೆ ಹೊಲಿಗೆ ಹಾಕಿ ಬೇರೆಡೆಯಲ್ಲಿ ದಾರಿ ಮಾಡಿಕೊಳ್ಳುವರು. ಹಿಂದಿನ ಲೋಳೆಯು ಮುಂದಕ್ಕೆ ಬಂದರೆ ಅದನ್ನು ಎಳೆಯತಕ್ಕುದಲ್ಲ, ಕತ್ತರಿಸಿ ತೆಗೆಯತಕ್ಕುದು. ಏಕೆಂದರೆ ಎಳೆದರೆ ಅದು ಅಂಟಿಕೊಂಡಿರುವ ಅಕ್ಷಿಪಟಲವೂ ಜಗ್ಗೀತು. ಕೊನೆಯಲ್ಲಿ ಗಾಯವು ಚಿಕ್ಕದಾದರೂ ಹೊಲಿಯುವುದೇ ಲೇಸು. ಕಣ್ಣನ್ನು ಉಜ್ಜಬೇಡವೆಂದರೆ ಕೂಸು ಕೇಳೀತೆ? ಈ ಉಪಾಯಗಳೆಲ್ಲದರಲ್ಲಿ ಸಮಾನವಾದ ಅಂಶವೊಂದನ್ನು ಕಾಣಬಹುದು. ಪ್ರತಿಯೊಂದರಲ್ಲೂ ಮೊದಲನೆಯ ಹೆಜ್ಜೆಯು ಕೈಯನ್ನು ತಡೆಯುವುದು. ಎರಡನೆಯದು ಕಣ್ಣಿನೊಳಗಣ ಕ್ಷೋಭೆಯನ್ನು ಶಮನಗೊಳಿಸುವುದು. ಅನಂತರವೇ ಮುಂದಿನ ವಿಚಾರ. ತೊಡಕು ಬಂದಾಗ ಬಲವನ್ನು ಹೆಚ್ಚಿಸುವುದು ಯಾವುದರಲ್ಲಿಯೂ ಇಲ್ಲ.

ಇನ್ನೊಂದು ವಿಚಿತ್ರವೂ ಗಮನಕ್ಕೆ ಅರ್ಹವಾಗಿದೆ. ದೊಡ್ಡವರ ಕಣ್ಣಿನಲ್ಲಿ ಹಿಂಬದಿಯ ಕೋಶವು ಒಡೆಯುವುದೆಂದರೆ ಶಸ್ತ್ರವೈದ್ಯನು ಬೆದರುವ ಅವಘಡ. ಶಿಶುವಿನ ಕಣ್ಣಿನಲ್ಲಾದರೋ ಅದೇ ಕೋಶವನ್ನು ವೈದ್ಯನು ಬೇಕೆಂದೇ ತೆರೆಯುತ್ತಾನೆ. ಅದರ ಹಿಂದಣ ಲೋಳೆಯಲ್ಲಿ ಸ್ವಲ್ಪವನ್ನು ಬೇಕೆಂದೇ ತೆಗೆಯುತ್ತಾನೆ. ಹಾಗೆ ಮಾಡದಿದ್ದರೆ ಕೆಲವು ವಾರ ತಿಂಗಳುಗಳಲ್ಲೇ ಆ ಕೋಶವು ಮತ್ತೆ ಮಸಕಾಗಿ, ಮೊದಲ ಪೊರೆಯ ಸ್ಥಾನದಲ್ಲಿ ಎರಡನೆಯ ಪೊರೆಯು ನಿಲ್ಲುವುದು. ಒಬ್ಬನಲ್ಲಿ ಅಪರಾಧವೆನಿಸಿದುದು ಇನ್ನೊಬ್ಬನಲ್ಲಿ ಕರ್ತವ್ಯವಾಗುತ್ತದೆ. ಹಾಗಾದರೆ ಕಾರ್ಯದ ಒಳ್ಳೆಯತನವು ಕಾರ್ಯದ ಆಕಾರದಲ್ಲಿಲ್ಲ. ಅದು ಯಾರಿಗಾಗಿ, ಯಾವ ಬಾಳಿನ ಸಲುವಾಗಿ ನಡೆಯುತ್ತಿದೆ ಎಂಬುದರಲ್ಲಿದೆ ಎಂದಾಯಿತು.

ಈಗ ಮೊದಲ ಪ್ರಶ್ನೆಗೆ ಬರಬಹುದು. ಶಸ್ತ್ರವೈದ್ಯನೊಬ್ಬನು ಐದಾರು ತಿಂಗಳ ಕೂಸಿನ ಪೊರೆಯನ್ನು ತೆಗೆದಿದ್ದಾನೆಂದು ಭಾವಿಸಲಿ. ಕೃತಕ ಮಸೂರವನ್ನು ಒಳಗಿರಿಸುವುದೆಂದು ಮೊದಲೇ ನಿಶ್ಚಯವಾಗಿದೆ. ತಾಯಿತಂದೆಗಳು ಅದಕ್ಕೊಪ್ಪಿದ್ದಾರೆ, ಹಣವನ್ನು ಹೊಂದಿಸಿದ್ದಾರೆ, ಮಸೂರವು ಮೇಜಿನ ಮೇಲೆ ಸಿದ್ಧವಾಗಿದೆ. ಅಷ್ಟರಲ್ಲಿ ಕೋಶದ ಅಂಚು ಹರಿಯಿತು. ಮಸೂರವನ್ನು ಇರಿಸಲು ಇನ್ನೂ ಸ್ವಲ್ಪ ಆಸರೆಯುಂಟು. ಪ್ರಯತ್ನಿಸಿದರೆ ಕೂರಿಸಬಹುದು, ಕೂರದೆಯೂ ಹೋಗಬಹುದು. ಒಂದು ಧ್ವನಿಯು ಹೇಳುತ್ತದೆ: 'ಇಷ್ಟು ದೂರ ಬಂದು ಬರಿಗೈಯಲ್ಲಿ ತಿರುಗುವುದೆ? ಹೊರಗೆ ಕಾದಿರುವವರಿಗೆ ಏನೆಂದು ಹೇಳುವೆ?' ಇನ್ನೊಂದು ಧ್ವನಿಯು ಹೇಳುತ್ತದೆ: 'ಗಾಯವನ್ನು ಶುದ್ಧಮಾಡು, ಹೊಲಿ, ಮುಚ್ಚು. ಮಸೂರವಿಲ್ಲದೆಯೂ ಈ ಕಣ್ಣಿಗೆ ಬೆಳಕು ಹೋಗುತ್ತದೆ. ಕನ್ನಡಕವೋ, ಕಣ್ಣಿನ ಮೇಲೆಯೇ ಇಡುವ ಕಾಂಟ್ಯಾಕ್ಟ್ ಲೆನ್ಸೋ ಅದರ ಕೆಲಸವನ್ನು ಮಾಡಲಿ. ಮಸೂರವನ್ನು ಕೆಲವು ವರ್ಷಗಳ ಮೇಲೆ, ಕಣ್ಣು ಬೆಳೆದಾಗ, ಇಡಬಹುದು.'

ಎರಡನೆಯದು ಹೇಡಿತನದ ಧ್ವನಿಯಲ್ಲವೆಂಬುದಕ್ಕೆ ಅನುಭವದ ಪ್ರಮಾಣವಿದೆ. ಅಮೆರಿಕದಲ್ಲಿ, ಒಂದು ಕಣ್ಣಿನಲ್ಲಿ ಪೊರೆಯಿದ್ದ, ಒಂದು ತಿಂಗಳಿಂದ ಏಳು ತಿಂಗಳೊಳಗಿನ ೧೧೪ ಶಿಶುಗಳನ್ನು ಎರಡು ಸಮಭಾಗ ಮಾಡಿ, ಒಂದು ಭಾಗದವರಿಗೆ ಮಸೂರವನ್ನು ಒಳಗಿಟ್ಟೂ, ಇನ್ನೊಂದು ಭಾಗದವರಿಗೆ ಇಡದೆ ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟೂ ವರ್ಷಗಟ್ಟಲೆ ಪರೀಕ್ಷಿಸಿದರು. ಶಸ್ತ್ರಕ್ರಿಯೆಯ ಸಮಯದಲ್ಲಿ ತೊಡಕು ಬಂದುದು ಮಸೂರವಿಟ್ಟವರಲ್ಲಿ ಶೇಕಡ ೨೮, ಇಡದವರಲ್ಲಿ ಶೇಕಡ ೧೧. ೨೦೧೪ರಲ್ಲಿ ಪ್ರಕಟವಾದ ಐದು ವರ್ಷಗಳ ಫಲವು ಹೀಗಿದೆ: ಎರಡು ಪಂಗಡಗಳ ಮಧ್ಯಮ ದೃಷ್ಟಿಯೂ ಒಂದೇ ಮಟ್ಟದ್ದು. ಆದರೆ ಕಣ್ಣಿನೊಳಗೆ ಮತ್ತೆ ಶಸ್ತ್ರಕ್ರಿಯೆ ಬೇಕಾದುದು ಮಸೂರವಿಟ್ಟವರಲ್ಲಿ ಶೇಕಡ ೭೨ಕ್ಕೆ, ಇಡದವರಲ್ಲಿ ಶೇಕಡ ೨೧ಕ್ಕೆ. ಆದುದರಿಂದ, ಅಂಥ ಎಳೆಗೂಸಿನಲ್ಲಿ ಮಸೂರವನ್ನು ಇಡದೆ ನಿಲ್ಲಿಸಿದವನು ಮಗುವಿನ ದೃಷ್ಟಿಯನ್ನು ಕಿತ್ತುಕೊಂಡವನಲ್ಲ. ಬಿಟ್ಟುಕೊಟ್ಟುದು ತನ್ನ ಸಂಕಲ್ಪವನ್ನು ಮಾತ್ರ.

ಇಲ್ಲಿ ಒಂದು ಆಕ್ಷೇಪವು ನ್ಯಾಯವಾಗಿಯೇ ಬರುವುದು. ದಿನದಿನವೂ ಕಾಂಟ್ಯಾಕ್ಟ್ ಲೆನ್ಸನ್ನು ತೊಳೆದು ಕೂಸಿನ ಕಣ್ಣಿಗೆ ಇಡಬಲ್ಲ ಮನೆಗೆ ಒಪ್ಪಿದ ಮಾತು, ಹೊಲದ ಕೆಲಸಕ್ಕೆ ಹೊತ್ತಾರೆಯೇ ಹೋಗಬೇಕಾದ, ಕಳೆದುಹೋದ ಲೆನ್ಸಿಗೆ ಬದಲು ತರಲು ಹಣವಿಲ್ಲದ ಮನೆಗೆ ಒಪ್ಪುವುದೆ? ಆ ಮಗುವು ಲೆನ್ಸಿಲ್ಲದೆ, ಕನ್ನಡಕವಿಲ್ಲದೆ ತಿಂಗಳುಗಟ್ಟಲೆ ಇದ್ದರೆ, ಪೊರೆ ತೆಗೆದೂ ತೆಗೆಯದಂತಾಗಲಿಲ್ಲವೆ? ಈ ಆಕ್ಷೇಪವು ಸತ್ಯವಾದುದು. ಮೇಲೆ ಹೇಳಿದ ಪರೀಕ್ಷಕರೂ ಇದನ್ನು ಒಪ್ಪಿದ್ದಾರೆ: ಲೆನ್ಸಿನ ವೆಚ್ಚವೂ ನಿರ್ವಹಣೆಯೂ ಹೊರಲಾರದ ಭಾರವಾಗುವ ಕಡೆ ಮಸೂರವನ್ನು ಒಳಗಿಡುವುದೇ ಮೇಲಾಗಬಹುದು. ಆದುದರಿಂದ ನಿಲ್ಲಿಸುವುದು ಸದಾ ಧರ್ಮ, ಮುಗಿಸುವುದು ಸದಾ ಅಧರ್ಮ ಎಂಬ ಸೂತ್ರವು ನಿಲ್ಲುವುದಿಲ್ಲ. ಆದರೆ ಆಕ್ಷೇಪದ ಬಲವು ಬೇರೊಂದು ತತ್ತ್ವವನ್ನು ಎತ್ತಿಹಿಡಿಯುತ್ತದೆ. ನಿಲ್ಲಬೇಕೆ, ಮುಂದುವರಿಯಬೇಕೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಕಾಣುವ ಕೋಶವೊಂದೇ ನಿರ್ಣಯಿಸಲಾರದು. ಕೂಸು ಹಿಂತಿರುಗುವ ಮನೆಯೂ ನಿರ್ಣಯಿಸಬೇಕು. ಆ ಮನೆಯನ್ನು ವೈದ್ಯನು ಶಸ್ತ್ರವನ್ನು ಹಿಡಿಯುವ ಮುನ್ನವೇ ಅರಿತಿರಬೇಕು. ತಾಯಿಯೊಡನೆ ಕುಳಿತು, 'ಒಳಗೆ ಹೀಗಾದರೆ ಹೀಗೆ ಮಾಡೋಣ, ಹಾಗಾದರೆ ಹಾಗೆ. ನಿಮ್ಮಿಂದ ಯಾವುದು ಸಾಗೀತು, ತಾಯಿ?' ಎಂದು ಮೊದಲೇ ಕೇಳಿದವನಿಗೆ, ಕೋಶವು ಹರಿದ ಗಳಿಗೆಯಲ್ಲಿ ಎರಡು ಧ್ವನಿಗಳ ಜಗಳವು ಅರ್ಧಕ್ಕರ್ಧ ಇಳಿದಿರುವುದು. ಮುಂಗಂಡ ಅವಘಡವು ಅವಘಡವಾಗಿಯೇ ಇರುವುದು, ಆದರೆ ದಿಗ್ಭ್ರಮೆಯಾಗಲಾರದು.

ಇದಕ್ಕೆಲ್ಲ ಮೂಲವಾದುದು ನ್ಯಾಸದ ಭಾವನೆ. ಮುದುಕನು ತನ್ನ ಕಣ್ಣನ್ನು ತಾನೇ ಒಪ್ಪಿಸುತ್ತಾನೆ. ಆದುದಾಗಲಿ ಎಂದು ತಾನೇ ಹೇಳಬಲ್ಲನು. ಕೂಸು ಏನನ್ನೂ ಒಪ್ಪಿಸಿಲ್ಲ. ಅದರ ಪರವಾಗಿ ತಾಯಿತಂದೆಗಳು ಒಪ್ಪಿದ್ದಾರೆ. ಅವರೂ ಆ ಕಣ್ಣಿನ ಒಡೆಯರಲ್ಲ, ಇಟ್ಟುಕೊಂಡಿರುವವರು. ಇಟ್ಟುಕೊಂಡವರಿಂದ ಇಸಕೊಂಡವನು ವೈದ್ಯ. ಒಡೆಯನೆಂಬವನು ಇಪ್ಪತ್ತು ವರ್ಷಗಳ ಮೇಲೆ ಬರತಕ್ಕ ಯುವಕನೋ ಯುವತಿಯೋ. ಪರರ ಒಡವೆಯನ್ನು ಇಟ್ಟುಕೊಂಡವನು ಅದನ್ನು ಒತ್ತೆಯಿಟ್ಟು ಲಾಭಕ್ಕೆ ಸಾಹಸ ಮಾಡಲಾಗದು; ತನ್ನದೇ ಆಗಿದ್ದರೆ ಮಾಡಬಹುದಾಗಿದ್ದ ಸಾಹಸವೂ ಅಲ್ಲಿ ಸಲ್ಲದು. ಕೋಶವು ಹರಿದ ಕಣ್ಣಿನಲ್ಲಿ, ಕೂತರೂ ಕೂರಬಹುದೆಂದು ಮಸೂರವನ್ನು ತುರುಕುವವನು ಇಂಥ ಸಾಹಸಿ. ಸೋತರೆ ತೆರುವವನು ಅವನಲ್ಲ.

ನಿಷ್ಕಾಮಕರ್ಮದ ಉಪದೇಶವು ಈ ನಾಡಿನವರಿಗೆ ಪರಿಚಿತವಾದುದು. ಫಲದಲ್ಲಿ ಆಸೆಯಿಡದೆ ಕರ್ಮವನ್ನು ಮಾಡಬೇಕೆಂಬ ಈ ಮಾತನ್ನು ಎರಡು ವಿಧವಾಗಿ ಕೆಡಿಸಿಕೊಳ್ಳಬಹುದು. 'ಮಾಡುವುದನ್ನು ಮಾಡಿದೆ, ಫಲವು ದೈವಾಧೀನ' ಎಂದು ಕೈತೊಳೆದುಕೊಳ್ಳುವುದು ಒಂದು ವಿಧ. ಇದು ನಿಷ್ಕಾಮವಲ್ಲ, ನಿರ್ಲಕ್ಷ್ಯ. ಎರಡನೆಯದು ಇನ್ನೂ ಸೂಕ್ಷ್ಮವಾದುದು: ಫಲವೆಂದರೆ ಹಣ, ಕೀರ್ತಿಗಳು ಮಾತ್ರವೆಂದು ತಿಳಿದು, ಅವೆರಡನ್ನೂ ಬಿಟ್ಟಮೇಲೆ ತಾನು ನಿಷ್ಕಾಮನಾದೆನೆಂದು ಭಾವಿಸುವುದು. ಹಣವನ್ನು ಬಯಸದ ವೈದ್ಯನೂ ಸಂಪೂರ್ಣವಾದ ಶಸ್ತ್ರಕ್ರಿಯೆಯನ್ನು ಬಯಸುತ್ತಾನೆ. ಕಿಂಡಿಯು ದುಂಡಗಿರಬೇಕು, ಮಸೂರವು ನಡುವೆ ಕೂರಬೇಕು, ಕೆಲಸವು ಅಂದವಾಗಿರಬೇಕು ಎಂಬ ಆಸೆಯು ಕುಶಲರನ್ನೇ ಹೆಚ್ಚಾಗಿ ಕಾಡುವುದು. ಇದು ಕರ್ಮದ ಪ್ರೇಮವೆಂದು ತೋರಿದರೂ, ವಸ್ತುತಃ ಫಲದ ಆಸೆಯೇ. ಏಕೆಂದರೆ ಕೂಸಿಗೆ ಬೇಕಾದುದು ಅಂದವಾದ ಶಸ್ತ್ರಕ್ರಿಯೆಯಲ್ಲ. ನಲವತ್ತು, ಐವತ್ತು, ಎಪ್ಪತ್ತು ವರ್ಷಗಳು ಬಾಳಬೇಕಾದ ಒಂದು ಕಣ್ಣು. ತನ್ನ ಸಂಕಲ್ಪವನ್ನು ಹರಿದ ಕೋಶದೊಡನೆಯೇ ಬಿಡಬಲ್ಲವನು ನಿಜವಾದ ನಿಷ್ಕಾಮಿ. ಹಾಗೆ ಬಿಡುವಾಗ ಕೈಯು ನಡುಗಬಾರದು. ಬಿಟ್ಟ ಮೇಲೆ ಉಳಿದ ಕೆಲಸದಲ್ಲಿ ಉದಾಸೀನವೂ ಕೂಡದು. ಹೊಲಿಗೆಯನ್ನು ಮಸೂರವಿಟ್ಟಿದ್ದರೆ ಎಷ್ಟು ಶ್ರದ್ಧೆಯಿಂದ ಹಾಕುತ್ತಿದ್ದನೋ ಅಷ್ಟೇ ಶ್ರದ್ಧೆಯಿಂದ ಹಾಕಬೇಕು. ತನಗಿಂತ ಅನುಭವಿಯಾದ ಕೈಯು ಹತ್ತಿರವಿದ್ದರೆ ನಾಚದೆ ಕರೆಯಬೇಕು.

ಕೊನೆಯದಾಗಿ ಸತ್ಯದ ವಿಚಾರ. ಒಳಗೆ ನಡೆದುದನ್ನು ಹೊರಗೆ ಕಾದಿರುವವರಿಗೆ ಹೇಳಬೇಕೆ? ಅವರು ಅಳುವರು, ಬಹುಶಃ ಬೈಯುವರು. ಹೇಳಿದರೂ ಕೋಶವು ಕೂಡಿಕೊಳ್ಳದು. ಸಾಂತ್ವನಕ್ಕಾಗಿ ಮರೆಮಾಚಬಹುದೆಂಬ ವಾದವು ಕರುಣೆಯ ವೇಷವನ್ನು ಧರಿಸಿ ಬರುವುದು. ಸತ್ಯವನ್ನು ಸತ್ಯವೆಂಬ ಕಾರಣಕ್ಕೇ ಹೇಳಬೇಕೆಂಬ ಮಾತು ಹಾಗಿರಲಿ. ಇಲ್ಲಿ ಮರೆಮಾಚುವಿಕೆಯು ಮಗುವಿನ ಮೈಗೇ ತಗಲುವ ಕೇಡು. ಶಿಶುವಿನ ಕಣ್ಣು ಶಸ್ತ್ರಶಾಲೆಯಲ್ಲಿ ವಾಸಿಯಾಗುವುದಿಲ್ಲ, ಮನೆಯಲ್ಲಿ ವಾಸಿಯಾಗುತ್ತದೆ. ಔಷಧವನ್ನು ಹೊತ್ತು ತಪ್ಪದೆ ಹಾಕುವವರು, ಕನ್ನಡಕವನ್ನು ಕಿತ್ತೆಸೆದರೆ ಮತ್ತೆ ತೊಡಿಸುವವರು, ಮಂದವಾದ ಕಣ್ಣು ಕಲಿಯಲೆಂದು ಒಳ್ಳೆಯ ಕಣ್ಣಿಗೆ ದಿನವೂ ಕೆಲವು ಗಂಟೆ ಪಟ್ಟಿ ಹಚ್ಚುವವರು ಮನೆಯವರೇ. ಮೇಲೆ ಹೇಳಿದ ಶಿಶುಗಳಲ್ಲಿ ಗ್ಲಾಕೋಮಾ ಬಂದ ಪ್ರಮಾಣವು ಒಂದು ವರ್ಷದಲ್ಲಿ ಶೇಕಡ ೯, ಐದು ವರ್ಷಗಳಲ್ಲಿ ೧೭, ಹತ್ತು ವರ್ಷಗಳಲ್ಲಿ ೨೨ ಎಂದು ಏರುತ್ತ ಹೋಯಿತು. ಆದುದರಿಂದ ಆ ಕಣ್ಣನ್ನು ಬಾಳುದ್ದಕ್ಕೂ ಪರೀಕ್ಷಿಸುತ್ತಿರಬೇಕು. 'ಎಲ್ಲವೂ ಚೆನ್ನಾಗಿ ಆಯಿತು' ಎಂಬ ಸಿಹಿಮಾತನ್ನು ನಂಬಿದ ತಂದೆಯು, ಮೂರನೆಯ ವರ್ಷ ಪರೀಕ್ಷೆಗೆ ಏಕೆ ಬಂದಾನು? ಅಳುವ ಕೂಸಿಗೆ ಪಟ್ಟಿ ಹಚ್ಚುವ ಕಷ್ಟವನ್ನು ತಾಯಿಯು ಏಕೆ ಪಟ್ಟಾಳು? ನಡೆದುದನ್ನು ತಿಳಿದವರು ಮಾತ್ರವೇ ಕಾವಲಿರಬಲ್ಲರು. ಹೇಳದ ವೈದ್ಯನು ಕೋಟೆಯ ಬಿರುಕನ್ನು ಕಾವಲುಗಾರನಿಂದಲೇ ಬಚ್ಚಿಟ್ಟವನಂತೆ.

ಈ ನೀತಿಯು ಹೊಸದೆಂದೂ ಭಾವಿಸಬೇಕಾದುದಿಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಶಲಾಕೆಯಿಂದ ಪೊರೆಯನ್ನು ಸರಿಸುವ ವಿಧಿಯನ್ನು ಹೇಳಿದ ಗ್ರಂಥಕಾರನು, ಅಲ್ಲಿಗೇ ನಿಲ್ಲಿಸದೆ, ಚುಚ್ಚಬಾರದ ಎಡೆಯಲ್ಲಿ ಚುಚ್ಚಿದರೆ ಬರುವ ಉಪದ್ರವಗಳನ್ನೂ ಅವುಗಳ ಚಿಕಿತ್ಸೆಯನ್ನೂ ಹೇಳಿದ್ದಾನೆ. ಕೈ ತಪ್ಪೀತೆಂಬುದನ್ನು ಶಾಸ್ತ್ರದೊಳಗೇ ಬರೆದಿಟ್ಟುದು ಆ ಶಾಸ್ತ್ರದ ಗೌರವ. ೧೯೪೯ರ ನವೆಂಬರಿನಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲೆಯು ಮನುಷ್ಯನ ಕಣ್ಣಿನಲ್ಲಿ ಮೊದಲ ಕೃತಕ ಮಸೂರವನ್ನು ಇಟ್ಟಂದಿನಿಂದ ಸಾಧನಗಳು ಎಷ್ಟೋ ಬೆಳೆದಿವೆ. ಆದರೆ ಸಾಧನವು ಬೆಳೆದಂತೆಲ್ಲ, ಮಾಡಬಲ್ಲೆನೆಂಬ ಪ್ರಲೋಭನವೂ ಬೆಳೆಯುವುದು; ಮಾಡಬಹುದಾದುದರ ಎದುರಿಗೆ ಮಾಡತಕ್ಕುದು ಯಾವುದೆಂದು ಕೇಳಿಕೊಳ್ಳುವ ವಿವೇಕವು ಅದರೊಡನೆ ತಾನಾಗಿ ಬೆಳೆಯುವುದಿಲ್ಲ. ಅದನ್ನು ಪ್ರತಿಯೊಬ್ಬನೂ ತನ್ನ ಕೈ ತಪ್ಪಿದ ಗಳಿಗೆಯಲ್ಲೇ ಸಂಪಾದಿಸಬೇಕು.

ಮಸೂರವಿಲ್ಲದ ಕಣ್ಣಿಗೆ ದಪ್ಪ ಕನ್ನಡಕವನ್ನು ಧರಿಸಿ, ಹಣೆಗೆ ಕಟ್ಟಿದ ಪಟ್ಟಿಯನ್ನು ಎಳೆದಾಡುತ್ತ, ತಾಯಿಯ ಮುಖವನ್ನು ತಡವರಿಸಿ ನೋಡುವ ಕೂಸನ್ನು ಕಂಡವರು, ಇದೊಂದು ಅಪೂರ್ಣವಾದ ಕೆಲಸವೆಂದು ಹೇಳಬಹುದು. ಅಪೂರ್ಣವೆಂಬುದು ನಿಜ. ಮುಂದೆ ಕಣ್ಣು ಬೆಳೆದಾಗ ಅದನ್ನು ಪೂರ್ತಿಮಾಡುವ ಕೈ ಇನ್ನೊಂದು ಬರಬಹುದು. ಅಂದಿನವರೆಗೆ ಆ ಕಣ್ಣು ಕೆಡದಂತೆ ಉಳಿಸಿಕೊಟ್ಟುದು, ಸಿದ್ಧವಾಗಿದ್ದ ಮಸೂರವನ್ನು ಮೇಜಿನ ಮೇಲೆಯೇ ಬಿಟ್ಟ ಮೊದಲನೆಯ ಕೈ.